ಮೂರು ತಿಂಗಳು ತುಂಬುವವರೆಗೆ ಕಾಯಬೇಕೇ?

ಪ್ರಶ್ನೆ: ನನಗೆ 26 ವರ್ಷ, ಇದು ಚೊಚ್ಚಲ ಬಸಿರು. ಮುಟ್ಟಿನ ದಿನ ಕಳೆದು ಎರಡು ವಾರವಾಗಿದ್ದು, ಮನೆಯಲ್ಲೇ ಮಾಡಿಕೊಂಡ ಮೂತ್ರ ಪರೀಕ್ಷೆಯಲ್ಲಿ ಎರಡು ಗೆರೆ ಬಂದಿವೆ. ಥೈರಾಯ್ಡ್ ಕಡಿಮೆಯಿರುವುದರಿಂದ ದಿನವೂ ಮಾತ್ರೆ ನುಂಗುತ್ತೇನೆ. ಮೂರು ತಿಂಗಳು ತುಂಬುವ ಮುನ್ನ ಯಾರಿಗೂ ಹೇಳಬಾರದು, ಆಸ್ಪತ್ರೆಗೂ ಆಮೇಲೆ ಹೋದರಾಯಿತು ಎನ್ನುತ್ತಾರೆ ಅತ್ತೆ. ಏನು ಮಾಡಲಿ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಸುದ್ದಿಯನ್ನು ಗುಟ್ಟಾಗಿಡುವುದು ನಿಮ್ಮ ಮನೆಯವರ ಇಷ್ಟ, ಅದರಿಂದ ಯಾರಿಗೂ ತೊಂದರೆಯಿಲ್ಲ. ತಪಾಸಣೆಯನ್ನು ಮಾತ್ರ ಮುಂದೂಡಬೇಡಿ, ಈ ವಾರವೇ ಹೋಗಿ. ಗರ್ಭದ ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ನಿಮ್ಮ ಮುಟ್ಟು ತಿಂಗಳಿಗೊಮ್ಮೆ ಸರಿಯಾಗಿ ಆಗುತ್ತಿದ್ದರೆ ಈಗಾಗಲೇ ಸುಮಾರು ಆರು ವಾರ ತುಂಬಿದೆ. ಮುಂದೆ ಮಗುವಿನ ಮೆದುಳು, ಬೆನ್ನುಹುರಿಯಾಗುವ ನರಕೊಳವೆ ಮುಚ್ಚಿಕೊಳ್ಳುವುದು ಇದೇ ಹೊತ್ತಿಗೆ. ಆದ್ದರಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಬಸಿರಾಗುವ ಮೊದಲಿನಿಂದಲೇ ತೆಗೆದುಕೊಳ್ಳಲು ಹೇಳುತ್ತೇವೆ. ಆರಂಭಿಸಿಲ್ಲವಾದರೆ ಇಂದೇ ಆರಂಭಿಸಿ.

ನಿಮ್ಮ ವಿಷಯದಲ್ಲಿ ಥೈರಾಯ್ಡ್ ಇನ್ನೂ ದೊಡ್ಡ ಕಾರಣ. ಮೊದಲ ತಿಂಗಳುಗಳಲ್ಲಿ ಮಗುವಿನ ಥೈರಾಯ್ಡ್ ಗ್ರಂಥಿ ಕೆಲಸ ಮಾಡುವುದಿಲ್ಲವಾದ್ದರಿಂದ ಅದರ ಮೆದುಳಿನ ಬೆಳವಣಿಗೆಗೆ ತಾಯಿಯ ಹಾರ್ಮೋನೇ ಆಧಾರ, ಹೀಗಾಗಿ ಮಾತ್ರೆ ನುಂಗುವ ಬಹುತೇಕರಿಗೆ ಬಸಿರಿನ ಆರಂಭದಲ್ಲೇ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಮೂರು ತಿಂಗಳು ಕಾದರೆ ಆ ಕಾಲ ಕೈಜಾರಿರುತ್ತದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ, ಅದರ ವರದಿ ನೋಡಿ ವೈದ್ಯರು ಪ್ರಮಾಣ ನಿರ್ಧರಿಸಲಿ.

ಥೈರಾಯ್ಡ್ ತೊಂದರೆ ಇಲ್ಲದವರೂ 12 ವಾರದೊಳಗೆ ಹೆಸರು ನೋಂದಾಯಿಸಬೇಕು. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ತಾಯಿ ಕಾರ್ಡ್ ಮಾಡಿಸಿಕೊಡುತ್ತಾರೆ. ಸುದ್ದಿ ಊರೆಲ್ಲ ಹರಡಬಾರದು ಎಂದು ಅವರಿಗೆ ಹೇಳಲು ಸಂಕೋಚಪಡಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ನಡೆಯುವ ವಿಶೇಷ ತಪಾಸಣೆ ಮುಖ್ಯವಾಗಿ ನಾಲ್ಕನೇ ತಿಂಗಳಿಗೆ ಕಾಲಿಟ್ಟವರಿಗಾಗಿ ಇರುವುದರಿಂದ ಅದಕ್ಕೆಂದು ಕಾಯಬೇಡಿ. ಮೊದಲ ಭೇಟಿಯಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್‌ಐವಿ ಮುಂತಾದವುಗಳ ಪರೀಕ್ಷೆ ಆಗುತ್ತದೆ. ಹೋಗುವಾಗ ಕೊನೆಯ ಮುಟ್ಟಿನ ದಿನಾಂಕವನ್ನು ಬರೆದುಕೊಂಡು, ಈಗ ನುಂಗುತ್ತಿರುವ ಮಾತ್ರೆಯ ಪಟ್ಟಿಯನ್ನೂ ಹಳೆಯ ವರದಿಗಳನ್ನೂ ತೆಗೆದುಕೊಂಡು ಹೋಗಿ. ಹೆರಿಗೆಯ ದಿನವನ್ನು ಮೊದಲ ಮೂರು ತಿಂಗಳ ಸ್ಕ್ಯಾನ್ ಅತ್ಯಂತ ನಿಖರವಾಗಿ ತಿಳಿಸುತ್ತದೆ. 11ರಿಂದ 14ನೇ ವಾರದೊಳಗಿನ ಸ್ಕ್ಯಾನ್ ತಪ್ಪಿಸಬೇಡಿ.

ಅತ್ತೆಯವರನ್ನೂ ಜೊತೆಗೆ ಕರೆದೊಯ್ಯಿರಿ, ಥೈರಾಯ್ಡ್ ವಿಷಯವನ್ನು ವೈದ್ಯರ ಬಾಯಿಂದಲೇ ಕೇಳಲಿ. ಈ ನಡುವೆ ರಕ್ತಸ್ರಾವ, ಕೆಳಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ತಲೆ ಸುತ್ತಿ ಬೀಳುವಂತಾಗುವುದು, ನೀರೂ ನಿಲ್ಲದಷ್ಟು ವಾಂತಿ ಇವುಗಳಲ್ಲಿ ಯಾವುದೊಂದು ಕಂಡರೂ, ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿರುವ ಸಾಧ್ಯತೆಯೂ ಇರುವುದರಿಂದ, ರಾತ್ರಿಯಾದರೂ ಸರಿ, ತಡಮಾಡದೆ ಆಸ್ಪತ್ರೆಗೆ ಹೋಗಿ.