ಲೇತಿನ ಚಕ್ ಜಾಮ್ ಆಗಿದ್ದರೆ ಬ್ಯಾಕ್ ಗೇರ್ ಲಾಕ್ ಮಾಡಿ ಹೊಡೆಯಬೇಡಿ

ಮಂಜೇಶ್ವರದ ಅಣ್ಣಾ, ನಾಲ್ಕು ಮಳೆಗಾಲ ಸುಮ್ನೆ ನಿಂತ ಲೇತಿನ (ಲೋಹ ಕಡೆಯುವ ಯಂತ್ರದ) ಚಕ್, ಅಂದರೆ ಕೆಲಸದ ತುಂಡನ್ನು ಹಿಡಿಯುವ ಭಾಗ, ಬಿಚ್ಚುತ್ತಿಲ್ಲ, ಬ್ಯಾಕ್ ಗೇರ್ (ವೇಗ ತಗ್ಗಿಸುವ ಹಲ್ಲುಚಕ್ರ) ಲಾಕ್ ಮಾಡಿ ಸುತ್ತಿಗೆಯಲ್ಲಿ ಹೊಡೆಯಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹಳೆಯ ಲೇತಿನಲ್ಲಿ ಆ ಗೇರ್ ಹೆಚ್ಚಾಗಿ ಬೀಡು ಕಬ್ಬಿಣದ್ದು, ಪೆಟ್ಟು ಬಿದ್ದರೆ ಹಲ್ಲು ಹಾರಿಹೋಗುತ್ತದೆ. ಕುಂಬಳೆಯಲ್ಲಿ ಕೆಲಸ ಕಲಿಯುವಾಗ ನನ್ನ ಕೈಯಲ್ಲೇ ಎರಡು ಹಲ್ಲು ಮುರಿದಿತ್ತು. ಅಂಥದ್ದೇ ಗೇರ್ ಮತ್ತೆ ಸಿಗಲಿಲ್ಲ.

ಮೊದಲು ಚಕ್ ಕೂತಿರುವುದು ಸ್ಪಿಂಡಲಿನ (ಚಕ್ಕನ್ನು ತಿರುಗಿಸುವ ದಂಡದ) ಥ್ರೆಡ್ ಮೇಲೇ ಅಲ್ವಾ ನೋಡಿ. ಥ್ರೆಡ್ ಬದಲು ಪಿನ್‌ಗಳಲ್ಲಿ ಬಿಗಿಯುವ ಕ್ಯಾಮ್ ಲಾಕ್ ಆದರೆ ಈ ಉಪಾಯ ಆಗುವುದಿಲ್ಲ.

ಎಟಿಎಫ್ ಎಣ್ಣೆ (ಆಟೋಮ್ಯಾಟಿಕ್ ಗೇರ್ ಗಾಡಿಗೆ ಹಾಕುವ ಎಣ್ಣೆ), ಎಸಿಟೋನ್ ಸಮಸಮ ಬೆರೆಸಿ. ಎರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಬೇಕು. ಚಕ್ಕಿನ ಹಿಂದಿನ ಸಂದಿಗೆ ಬಿಡಿ. ಮುಂದಿನ ತೂತಿನೊಳಗಿಂದಲೂ ಥ್ರೆಡ್‌ನ ತುದಿಗೆ ಬಿಡಿ, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಬೆಳಿಗ್ಗೆ, ಸಂಜೆ, ಎರಡು ಮೂರು ದಿನ. ಬೆಂಕಿ ಹತ್ತಿರ ಬರಬಾರದು.

ಆಮೇಲೆ ಲೇತಿನ ಪ್ಲಗ್ ಕಿತ್ತುಬಿಡಿ. ಚಕ್ಕಿನ ಕೆಳಗಿನ ಬೆಡ್ (ಲೇತಿನ ಉದ್ದದ ತಳ) ಮೇಲೆ ಹಲಗೆ ಹಾಸಿ, ಹಿಂಬದಿಯಲ್ಲಿ ಹಲಸಿನ ಮರದ ಗಟ್ಟಿ ತುಂಡು ನಿಲ್ಲಿಸಿ. ಚಕ್ಕಿನ ಒಂದು ದವಡೆಯನ್ನು (ತುಂಡನ್ನು ಕಚ್ಚಿ ಹಿಡಿಯುವ ಹಲ್ಲನ್ನು) ಸ್ವಲ್ಪ ಹೊರಗೆ ತನ್ನಿ. ಬೆಲ್ಟನ್ನು ಕೈಯಲ್ಲೇ ಹಿಡಿದು ಸ್ಪಿಂಡಲನ್ನು ಉಲ್ಟಾ ತಿರುಗಿಸಿ, ದವಡೆ ಮರಕ್ಕೆ ಟಪ್ಪೆಂದು ಬಡಿಯಲಿ. ಸ್ವಲ್ಪ ಹಿಂದೆ ತಂದು ಮತ್ತೆ ಬಡಿಸಿ. ಹತ್ತು ಇಪ್ಪತ್ತು ಸಲ ಬೇಕಾಗಬಹುದು. ಬಿಟ್ಟುಕೊಂಡಾಗ ಸದ್ದೇ ಬದಲಾಗುತ್ತದೆ, ಸಂದಿಯಲ್ಲಿ ಕೆಂಪು ತುಕ್ಕಿನ ಎಣ್ಣೆ ಜಿನುಗುತ್ತದೆ. ಆಗ ಚಕ್ಕಿಗೆ ಕೈ ಆಸರೆ ಕೊಡಿ, ಭಾರ ಇದೆ.

ನಮ್ಮ ಕಡಲ ಕಡೆಯ ಉಪ್ಪು ಗಾಳಿಗೆ ಇದು ಮತ್ತೆ ಕಚ್ಚುತ್ತದೆ. ಹಿತ್ತಾಳೆ ಬ್ರಶ್‌ನಲ್ಲಿ ಥ್ರೆಡ್ ಉಜ್ಜಿ, ಎಣ್ಣೆ ಸವರಿಯೇ ಚಕ್ ಹಾಕಿ. ಬಿಚ್ಚಿದರೆ ಥ್ರೆಡ್‌ನ ಫೋಟೋ ಕಳಿಸಿ, ನೋಡುತ್ತೇನೆ.