ಸ್ಟ್ರೋಕ್ ಯೂನಿಟ್ಟಿಗೆ ಬರುತ್ತಿರುವ ನರ್ಸ್ ತಂಗಿಗೆ

ಅಕ್ಕಾ ಎಂದು ಕರೆದು ಕೇಳಿದ್ದೀಯ, ಹಾಗಾಗಿ ‘ನೀನು’ ಎಂದೇ ಬರೆಯುತ್ತೇನೆ. ನಿನ್ನ ಪ್ರಶ್ನೆ ಮೂರು. ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಸ್ಟ್ರೋಕ್ ಯೂನಿಟ್ಟಿಗೆ ಹಾಕಿದ್ದಾರೆ, ಇರುವುದು ಐಸಿಯು ಅನುಭವ ಮಾತ್ರ, ಏನು ಕಲಿತುಕೊಳ್ಳಲಿ? ಬಂದ ವರ್ಷವೇ ಎಂ.ಎಸ್ಸಿ. ಸೇರಬಹುದಾ? ಸಂಶೋಧನೆಯ ಕಡೆ ಹೋಗುವ ದಾರಿ ಯಾವುದು?

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಸೇರಬೇಡ. ಮೊದಲ ವರ್ಷವನ್ನು ಆಸ್ಕಿ (ಹೊರದೇಶದ ನರ್ಸ್ ಮಾಡಿ ತೋರಿಸಬೇಕಾದ ಪ್ರಾಯೋಗಿಕ) ಪರೀಕ್ಷೆ ಮತ್ತು ವಾರ್ಡಿನ ತರಬೇತಿಯೇ ತಿಂದುಹಾಕುತ್ತವೆ. ಅದಲ್ಲದೆ ಎಂ.ಎಸ್ಸಿ.ಯ ಅಸೈನ್‌ಮೆಂಟುಗಳೆಲ್ಲ ‘ನಿನ್ನ ವಾರ್ಡಿನಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ, ಏಕೆ ಹಾಗೆ, ಪುರಾವೆ ಏನು ಹೇಳುತ್ತದೆ’ ಎಂದೇ ಕೇಳುತ್ತವೆ. ವಾರ್ಡನ್ನೇ ಸರಿಯಾಗಿ ನೋಡದವರು ಬರೆಯುವುದಾದರೂ ಏನು?

ಆಸ್ಕಿಯಲ್ಲಿ ಹತ್ತು ಸ್ಟೇಷನ್. ನಾಲ್ಕು ಒಬ್ಬನೇ ರೋಗಿಯ ತಪಾಸಣೆ, ಯೋಜನೆ, ಆರೈಕೆ, ಮೌಲ್ಯಮಾಪನ, ನಾಲ್ಕು ಕೈಕೆಲಸದ ಕೌಶಲ, ಎರಡು ಬರೆಯುವಂಥವು. ಪಾಸಾಗಿ ಎನ್‌ಎಂಸಿಯ (ಇಲ್ಲಿನ ನರ್ಸಿಂಗ್ ಮಂಡಳಿ) ಪಿನ್, ಅಂದರೆ ನೋಂದಣಿ ಸಂಖ್ಯೆ, ಬರುವ ತನಕ ನೀನು ರಿಜಿಸ್ಟರ್ಡ್ ನರ್ಸ್ ಅಲ್ಲ. ಬಂದ ಮೇಲೂ ಐವಿ ಔಷಧಿ ಕೊಡುವುದು, ಕ್ಯಾನುಲಾ ಹಾಕುವುದು ಇವನ್ನೆಲ್ಲ ಸಾಮಾನ್ಯವಾಗಿ ಆಸ್ಪತ್ರೆಯವರ ಮುಂದೆ ಮತ್ತೆ ಮಾಡಿ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ‘ಐಸಿಯುನಲ್ಲಿ ವರ್ಷಗಟ್ಟಲೆ ಮಾಡಿದ್ದೇನೆ’ ಎಂದರೆ ನಡೆಯುವುದಿಲ್ಲ. ಅವಮಾನ ಎಂದುಕೊಳ್ಳಬೇಡ, ಎಲ್ಲರಿಗೂ ಹೀಗೇ. ಇನ್ನೊಂದು ಸಣ್ಣ ವಿಷಯ, ಆದರೆ ರಾತ್ರಿ ಪಾಳಿಯಲ್ಲಿ ಎಡವಿಸುವಂಥದ್ದು: ಇಲ್ಲಿ ಶುಗರ್ ಅಳೆಯುವುದು ಮಿಲಿಮೋಲ್‌ನಲ್ಲಿ. 18ರಿಂದ ಗುಣಿಸಿದರೆ ನಿನಗೆ ಗೊತ್ತಿರುವ ಮಿ.ಗ್ರಾಂ ಲೆಕ್ಕ ಸಿಗುತ್ತದೆ. 4 ಎಂದರೆ 72, 11 ಎಂದರೆ 198.

ಈಗ ಮುಖ್ಯ ವಿಷಯ. ಐಸಿಯುನಿಂದ ಬಂದವರಿಗೆ ಸ್ಟ್ರೋಕ್ ವಾರ್ಡ್ ಮೊದಲು ಸಪ್ಪೆ ಅನ್ನಿಸುತ್ತದೆ. ವೆಂಟಿಲೇಟರ್ ಇಲ್ಲ, ಅಷ್ಟೊಂದು ಪಂಪುಗಳಿಲ್ಲ. ಆದರೆ ಇಲ್ಲಿ ಗಮನಿಸುವುದೇ ಅರ್ಧ ಚಿಕಿತ್ಸೆ. ಆ ಗಮನಕ್ಕೆ ಒಂದು ಭಾಷೆ ಇದೆ, ಅದೇ ಸ್ಟ್ರೋಕಿನ ತೀವ್ರತೆ ಅಳೆಯುವ ಎನ್‌ಐಎಚ್‌ಎಸ್‌ಎಸ್ ಸ್ಕೋರ್. 11 ಅಂಶ, 0ಯಿಂದ 42 ಅಂಕ, ಹೆಚ್ಚಿದಷ್ಟೂ ಸ್ಟ್ರೋಕ್ ತೀವ್ರ. ಆನ್‌ಲೈನ್‌ನಲ್ಲಿ ವೀಡಿಯೊ ನೋಡಿ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬಹುದು. ಹೊರಡುವ ಮುಂಚೆಯೇ ಮುಗಿಸಿಕೋ.

ಪ್ರಮಾಣಪತ್ರ ಇದ್ದವರೂ ತಪ್ಪುವ ಜಾಗಗಳಿವೆ. ತಿಂಗಳು ಯಾವುದು, ವಯಸ್ಸು ಎಷ್ಟು ಎಂದು ಕೇಳಿದಾಗ ಮೊದಲ ಉತ್ತರವೇ ಲೆಕ್ಕಕ್ಕೆ. ‘ಹತ್ತಿರ ಹೇಳಿದರು’ ಎಂದು ಅಂಕ ಬಿಡುವಂತಿಲ್ಲ, ಸುಳಿವು ಕೊಡುವಂತಿಲ್ಲ. ಕೈಯನ್ನು 10 ಸೆಕೆಂಡ್, ಕಾಲನ್ನು 5 ಸೆಕೆಂಡ್ ಎತ್ತಿ ಹಿಡಿಸಬೇಕು, ಗಟ್ಟಿಯಾಗಿ ಎಣಿಸಬೇಕು. ಕೂತವರ ಕೈ 90 ಡಿಗ್ರಿ, ಮಲಗಿದವರದ್ದು 45, ಕಾಲು ಮಲಗಿಸಿಕೊಂಡೇ 30. ಅಂದಾಜಿನಲ್ಲಿ ಎರಡು ಸೆಕೆಂಡ್ ನೋಡಿ ‘ಸರಿಯಿದೆ’ ಎಂದರೆ, ಎಂಟನೇ ಸೆಕೆಂಡಿಗೆ ಕೆಳಗೆ ಜಾರುವ ಕೈ ತಪ್ಪಿಹೋಗುತ್ತದೆ. ಅಟಾಕ್ಸಿಯಾ (ಕೈಕಾಲಿನ ಚಲನೆ ಹದ ತಪ್ಪುವುದು) ಅಂಕ ಕೊಡುವುದು ಬಲಹೀನತೆಯಿಂದ ವಿವರಿಸಲಾಗದಷ್ಟು ತಡವರಿಕೆ ಇದ್ದಾಗ ಮಾತ್ರ. ಪೂರ್ತಿ ಬಿದ್ದುಹೋದ ಕೈಗೆ ಅಲ್ಲಿ ಸೊನ್ನೆ. ನಿನಗೆ ಅನ್ನಿಸಿದ್ದಕ್ಕಲ್ಲ, ಕಣ್ಣಿಗೆ ಕಂಡದ್ದಕ್ಕೆ ಅಂಕ.

ಈ ಸ್ಕೋರಿಗೂ ಒಂದು ಪಕ್ಷಪಾತ ಇದೆ. 42ರಲ್ಲಿ 7 ಅಂಕ ಭಾಷೆಗೆ ಸಂಬಂಧಿಸಿದ್ದು, ಒಂದು ಬದಿಯನ್ನೇ ಮರೆಯುವ ತೊಂದರೆಗೆ 2 ಮಾತ್ರ. ಭಾಷೆ ಸಾಮಾನ್ಯವಾಗಿ ಎಡಭಾಗದ ಕೆಲಸ, ಆದ್ದರಿಂದ ಮೆದುಳಿನ ಬಲಭಾಗದ ದೊಡ್ಡ ಸ್ಟ್ರೋಕೂ ಕಾಗದದ ಮೇಲೆ ಚಿಕ್ಕದಾಗಿ ಕಾಣಬಹುದು. ಹಿಂಭಾಗದ ರಕ್ತನಾಳದ ಸ್ಟ್ರೋಕಿನಲ್ಲಿ ತಲೆಸುತ್ತು, ವಾಂತಿ, ನಿಲ್ಲಲಾಗದ ಸ್ಥಿತಿ ಇದ್ದರೂ ಸ್ಕೋರ್ ಸೊನ್ನೆಯಾಗಿರಬಹುದು. ಸ್ಕೋರ್ ಕಡಿಮೆ ಎಂದು ಹ್ಯಾಂಡೋವರ್‌ನಲ್ಲಿ ‘ಮೈಲ್ಡ್’ ಎಂದು ಬರೆದುಬಿಡಬೇಡ. 4 ಅಂಕ ಏರಿದರೆ ಮುಂದಿನ ರೌಂಡಿಗೆ ಕಾಯದೆ ಡಾಕ್ಟರನ್ನು ಕರೆ.

ಥ್ರಾಂಬೊಲಿಸಿಸ್, ಅಂದರೆ ರಕ್ತದ ಹೆಪ್ಪು ಕರಗಿಸುವ ಚಿಕಿತ್ಸೆಯ ವಿಷಯಕ್ಕೆ ಬರೋಣ. ಅದಕ್ಕೆ ಔಷಧಿ ಎರಡು. ಆಲ್ಟೆಪ್ಲೇಸ್ ಕೆ.ಜಿ.ಗೆ 0.9 ಮಿ.ಗ್ರಾಂ, ಗರಿಷ್ಠ 90. ಹತ್ತರಲ್ಲೊಂದು ಭಾಗ ಒಂದು ನಿಮಿಷದಲ್ಲಿ, ಉಳಿದದ್ದು 60 ನಿಮಿಷದಲ್ಲಿ. 70 ಕೆ.ಜಿ. ಇದ್ದರೆ 63 ಮಿ.ಗ್ರಾಂ: 6.3 ಮೊದಲು, ಆಮೇಲೆ 56.7. ಪುಡಿಗೆ ನೀರು ಬೆರೆಸಿದ ಮೇಲೆ ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆ ಬಂದು ಅಳತೆ ಕೆಡುತ್ತದೆ. ಇನ್‌ಫ್ಯೂಷನ್ ಮುಗಿದಾಗ ಟ್ಯೂಬಿನೊಳಗೆ ಇನ್ನೂ ಔಷಧಿ ಉಳಿದಿರುತ್ತದೆ, ಅದನ್ನು ಅದೇ ವೇಗದಲ್ಲಿ ಸಲೈನ್ ಹಾಕಿ ಒಳಗೆ ಕಳಿಸದಿದ್ದರೆ ರೋಗಿಗೆ ಪೂರ್ತಿ ಡೋಸ್ ಸೇರಿದ ಹಾಗಲ್ಲ. ಟೆನೆಕ್ಟೆಪ್ಲೇಸ್ ಒಂದೇ ಬಾರಿಗೆ, ಕೆ.ಜಿ.ಗೆ 0.25 ಮಿ.ಗ್ರಾಂ, ಗರಿಷ್ಠ 25. ಹೃದಯಾಘಾತಕ್ಕೆ ಇದೇ ಔಷಧಿಯ ಡೋಸ್ ಹೆಚ್ಚು, ಅಲ್ಲಿ 50ರ ವರೆಗೂ ಹೋಗುತ್ತದೆ. ಎರಡೂ ವಿಭಾಗದಲ್ಲಿ ಓಡಾಡಿದವರಿಗೆ ಗೊಂದಲ ಆಗುವುದು ಇಲ್ಲೇ. ಡೆಕ್ಸ್‌ಟ್ರೋಸ್ ಹರಿದ ಲೈನಿನಲ್ಲಿ ಕೊಟ್ಟರೆ ಔಷಧಿ ಗಟ್ಟಿಕಟ್ಟುತ್ತದೆ. ಮುಂಚೆ, ಆಮೇಲೆ ಎರಡು ಸಲವೂ ಸಲೈನ್‌ನಿಂದ ತೊಳೆಯಬೇಕು. ಎರಡೂ ಔಷಧಿಗೆ ತೂಕವೇ ಆಧಾರ. ನೋಡಿ ಅಂದಾಜಿಸಿದ ತೂಕ, ಮನೆಯವರು ಹೇಳಿದ ತೂಕ ತಪ್ಪಬಹುದು; ತೂಗುವ ಹಾಸಿಗೆ ಇದ್ದರೆ ತೂಗಿಯೇ ತೂಗು.

ಕೊಡುವ ಮುಂಚೆ ಬಿ.ಪಿ. 185/110ಕ್ಕಿಂತ ಕೆಳಗೆ, ಆಮೇಲೆ 24 ಗಂಟೆ 180/105ಕ್ಕಿಂತ ಕೆಳಗೆ ಇರಬೇಕು. ಮೊದಲ 2 ಗಂಟೆ ಹದಿನೈದು ನಿಮಿಷಕ್ಕೊಮ್ಮೆ, ಮುಂದಿನ 6 ಗಂಟೆ ಅರ್ಧ ಗಂಟೆಗೊಮ್ಮೆ, ಉಳಿದ 16 ಗಂಟೆ ಗಂಟೆಗೊಮ್ಮೆ ನೋಡಬೇಕು. ಕೂಡಿಸಿದರೆ 36 ಸಲ. ಬೇರೆ ರೋಗಿಗಳನ್ನೂ ನೋಡಿಕೊಳ್ಳುವ ಒಬ್ಬಳೇ ನರ್ಸಿಗೆ ಮೊದಲ ಎಂಟು ಗಂಟೆಯ 20 ಸಲ ಎಂದರೆ ಎಷ್ಟು ಕಷ್ಟ ಎಂದು ಯೋಚಿಸು. ಪಾಳಿ ಶುರುವಾಗುತ್ತಿದ್ದಂತೆಯೇ ಇನ್‌ಚಾರ್ಜ್ ಹತ್ತಿರ ರೋಗಿಗಳ ಹಂಚಿಕೆ ಮಾತಾಡಿಕೋ. ತೀವ್ರ ತಲೆನೋವು, ವಾಂತಿ, ಬಿ.ಪಿ. ಒಮ್ಮೆಲೇ ಏರುವುದು, ಎಚ್ಚರ ಕುಗ್ಗುವುದು ಕಂಡರೆ ಇನ್‌ಫ್ಯೂಷನ್ ನಿಲ್ಲಿಸು, ಸಿ.ಟಿ.ಗೆ ಕರೆಸು. ನಾಲಿಗೆ, ತುಟಿ ಊದುತ್ತಿದೆಯಾ ಎಂದೂ ನೋಡುತ್ತಿರು, ಬಿ.ಪಿ.ಗೆ ಎಸಿಇ ಇನ್‌ಹಿಬಿಟರ್ ತೆಗೆದುಕೊಳ್ಳುವವರಲ್ಲಿ ಇದರ ಅಪಾಯ ಹೆಚ್ಚು.

ನುಂಗುವಿಕೆಯ ಪರೀಕ್ಷೆ ಇನ್ನೊಂದು. ಬಂದ 4 ಗಂಟೆಯೊಳಗೆ ಆಗಬೇಕು, ಆಗುವ ತನಕ ಬಾಯಿಗೆ ಏನೂ ಇಲ್ಲ, ಮಾತ್ರೆಯೂ ಇಲ್ಲ. ಇದನ್ನು ಮಾಡಲು ಪ್ರತ್ಯೇಕ ತರಬೇತಿ ಬೇಕು. ಆದಷ್ಟು ಬೇಗ ಹೆಸರು ಕೊಡು. ರೋಗಿ ಎಚ್ಚರವಿರಬೇಕು, ನೆಟ್ಟಗೆ ಕೂರಿಸಬೇಕು, ಬಾಯಿ ಸ್ವಚ್ಛವಿರಬೇಕು. ಮೊದಲು ಚಮಚದಲ್ಲಿ ನೀರು, ಪ್ರತಿ ಗುಟುಕಿನ ನಂತರ ಮಾತಾಡಿಸಿ ಧ್ವನಿ ಕೇಳು. ಕೆಮ್ಮು ಬಂದರೆ ಎಲ್ಲರೂ ನಿಲ್ಲಿಸುತ್ತಾರೆ. ಕೆಮ್ಮೇ ಬರದೆ ಶ್ವಾಸಕೋಶಕ್ಕೆ ಇಳಿಯುವುದೇ ಮೋಸ. ಧ್ವನಿ ಗೊರಗೊರ ಒದ್ದೆಯಾದರೆ ಅದೂ ಫೇಲ್. ಗಂಟಲ ಹಿಂದೆ ಮುಟ್ಟಿ ಓಕರಿಕೆ ಬರುತ್ತದಾ ಎಂದು ನೋಡುವ ಹಳೆಯ ಅಭ್ಯಾಸ ಬಿಡು, ಅದು ನುಂಗುವಿಕೆಯ ಬಗ್ಗೆ ಭರವಸೆಯ ಉತ್ತರ ಕೊಡುವುದಿಲ್ಲ. ಫೇಲಾದವರಿಗೆ ಸ್ಪೀಚ್ ಥೆರಪಿಸ್ಟ್ ದ್ರವ ಎಷ್ಟು ಮಂದವಿರಬೇಕು ಎಂದು ಹೇಳುತ್ತಾರೆ. ಆ ಮಟ್ಟ ಸರಿಯಿದೆಯಾ ಎಂದು 10 ಮಿ.ಲೀ. ಸಿರಿಂಜ್‌ನಲ್ಲೇ ಪರೀಕ್ಷಿಸಬಹುದು: ತುಂಬಿಸಿ 10 ಸೆಕೆಂಡ್ ಹರಿಯಬಿಟ್ಟಾಗ 4ರಿಂದ 8 ಮಿ.ಲೀ. ಉಳಿದರೆ ಎರಡನೇ ಮಟ್ಟ, ಅಂದರೆ ಕೊಂಚ ಮಂದ. ಚಮಚದಲ್ಲಿ ಕಲಸಿ ಕಣ್ಣಂದಾಜಿನಲ್ಲಿ ಕೊಟ್ಟರೆ ಹೊತ್ತು ಕಳೆದಂತೆ ಹದವೇ ಬದಲಾಗಿರುತ್ತದೆ.

ಈ ಸಾಮಾನ್ಯ ಕೆಲಸಗಳನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ; ನಿನ್ನ ಸಂಶೋಧನೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ನರ್ಸಿಂಗ್ ಪ್ರೊಫೆಸರ್ ಸ್ಯಾಂಡಿ ಮಿಡಲ್‌ಟನ್ ನೇತೃತ್ವದ ತಂಡ 19 ಸ್ಟ್ರೋಕ್ ಯೂನಿಟ್‌ಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಒಂದು ಗುಂಪಿನ ನರ್ಸ್‌ಗಳಿಗೆ ಜ್ವರ, ಶುಗರ್, ನುಂಗುವಿಕೆ ಈ ಮೂರಕ್ಕೆ ಕಟ್ಟುನಿಟ್ಟಿನ ವಿಧಾನ ಕೊಟ್ಟು ತರಬೇತಿ ನೀಡಿತು. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. 2011ರಲ್ಲಿ ಬಂದ ಫಲಿತಾಂಶ: 90 ದಿನದ ಹೊತ್ತಿಗೆ ಸತ್ತವರು ಅಥವಾ ಪರಾವಲಂಬಿಗಳಾದವರು ಈ ತರಬೇತಿ ಇಲ್ಲದ ಗುಂಪಿನಲ್ಲಿ ಶೇ. 58, ತರಬೇತಿ ಪಡೆದ ಗುಂಪಿನಲ್ಲಿ ಶೇ. 42. ಇದು ಕ್ವಾಸ್ಕ್ ಅಧ್ಯಯನ. ಮೊದಲು ಓದಬೇಕಾದ ಪ್ರಬಂಧ ಇದೇ.

ನಮ್ಮ ನಂಬಿಕೆಗಳನ್ನು ತಲೆಕೆಳಗು ಮಾಡಿದವೂ ಇವೆ. ‘ಬೇಗ ಎಬ್ಬಿಸಿ ಹೆಚ್ಚು ನಡೆಸಿದಷ್ಟೂ ಒಳ್ಳೆಯದು’ ಎಂಬುದನ್ನು 2,104 ರೋಗಿಗಳಲ್ಲಿ ಪರೀಕ್ಷಿಸಿದ ಅವರ್ಟ್ ಅಧ್ಯಯನ 2015ರಲ್ಲಿ ಹೇಳಿದ್ದು ಬೇರೆಯೇ: ಮೊದಲ 24 ಗಂಟೆಯೊಳಗೆ ಪದೇ ಪದೇ, ಜಾಸ್ತಿ ಹೊತ್ತು ಎಬ್ಬಿಸಿದವರ ಚೇತರಿಕೆ ಕೊಂಚ ಹಿಂದೆಯೇ ಬಿತ್ತು. ತಲೆ ಚಪ್ಪಟೆ ಇಡಬೇಕಾ, ಎತ್ತರಿಸಬೇಕಾ ಎಂಬ ಜಗಳಕ್ಕೆ 11,093 ರೋಗಿಗಳ ಹೆಡ್‌ಪೋಸ್ಟ್ ಅಧ್ಯಯನ 2017ರಲ್ಲಿ ‘ವ್ಯತ್ಯಾಸವಿಲ್ಲ’ ಎಂದಿತು. ಕಾಲಿನ ರಕ್ತ ಹೆಪ್ಪುಗಟ್ಟದಂತೆ ಹಾಕುತ್ತಿದ್ದ ಬಿಗಿ ಕಾಲುಚೀಲದಿಂದ ಸ್ಟ್ರೋಕ್ ರೋಗಿಗಳಿಗೆ ಲಾಭವಿಲ್ಲ, ಚರ್ಮಕ್ಕೆ ಗಾಯ ಬೇರೆ ಎಂದು ಬ್ರಿಟನ್ನಿನ ಕ್ಲಾಟ್ಸ್ ಅಧ್ಯಯನ ತೋರಿಸಿತು. ಅದರ ಮೂರನೇ ಭಾಗ 2013ರಲ್ಲಿ ಗಾಳಿ ತುಂಬಿ ಒತ್ತುವ ತೋಳುಪಟ್ಟಿಯಂಥ ಕಾಲುಪಟ್ಟಿ ಹೆಪ್ಪನ್ನು ಶೇ. 12.1ರಿಂದ 8.5ಕ್ಕೆ ಇಳಿಸಿದ್ದನ್ನು ತೋರಿಸಿತು. ವಾರ್ಡಿನಲ್ಲಿ ಇದು ಸೋಲುವುದು ಸ್ನಾನದ ಹೊತ್ತಿಗೆ. ತೆಗೆದಿಟ್ಟವರು ಮತ್ತೆ ಹಾಕುವುದಿಲ್ಲ, ಇಲ್ಲವೇ ಪಂಪ್ ಪ್ಲಗ್ಗಿಗೆ ಹೋಗುವುದಿಲ್ಲ. ಇಂಥ ಒಂದು ಲೋಪವನ್ನು ತಿಂಗಳು ಪೂರ್ತಿ ಎಣಿಸಿದರೆ ನಿನ್ನ ಮೊದಲ ಆಡಿಟ್ ಸಿದ್ಧ.

ಆದರೆ ಆಡಿಟ್ ಎಂದರೆ ಸಂಶೋಧನೆಯಲ್ಲ. ಇರುವ ನಿಯಮ ಪಾಲಿಸುತ್ತಿದ್ದೇವಾ ಎಂದು ನೋಡುವುದು ಆಡಿಟ್. ಎಲ್ಲ ಯೂನಿಟ್‌ಗಳೂ ಸ್ನ್ಯಾಪ್ ಎಂಬ ರಾಷ್ಟ್ರೀಯ ಆಡಿಟ್ಟಿಗೆ ಕೊಡುವ ಅಂಕಿಅಂಶಗಳು ಅಂಥವು. ಸ್ಕ್ಯಾನ್, ವಾರ್ಡಿಗೆ ಬಂದದ್ದು, ನುಂಗುವಿಕೆ ಪರೀಕ್ಷೆ, ಎಲ್ಲದರ ಗಡಿಯಾರ ಶುರುವಾಗುವುದು ರೋಗಿ ಆಸ್ಪತ್ರೆಗೆ ಕಾಲಿಟ್ಟ ಕ್ಷಣದಿಂದ, ನಿನ್ನ ವಾರ್ಡಿಗೆ ಬಂದಾಗಿನಿಂದಲ್ಲ. ಯಾರಿಗೂ ಗೊತ್ತಿಲ್ಲದ ಉತ್ತರ ಹುಡುಕುವುದು ಸಂಶೋಧನೆ, ಅದಕ್ಕೆ ನೀತಿ ಸಮಿತಿಯ ಒಪ್ಪಿಗೆ ಬೇಕು.

ಸಂಶೋಧನೆಗೆ ಮೊದಲ ಮೆಟ್ಟಿಲು ಜಿಸಿಪಿ, ಅಂದರೆ ರೋಗಿಗಳ ಮೇಲಿನ ಸಂಶೋಧನೆಯನ್ನು ಸರಿಯಾಗಿ ನಡೆಸುವ ನಿಯಮಗಳ ತರಬೇತಿ. ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಸಿಬ್ಬಂದಿಗೆ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಆರ್ ಉಚಿತವಾಗಿ ಆನ್‌ಲೈನ್‌ನಲ್ಲಿ ಕೊಡುತ್ತದೆ. ಎರಡನೆಯದು, ನಿನ್ನ ಯೂನಿಟ್ಟಿನಲ್ಲಿ ನಡೆಯುವ ಟ್ರಯಲ್ (ಚಿಕಿತ್ಸಾ ಪ್ರಯೋಗ) ಯಾವುದು ಎಂದು ರಿಸರ್ಚ್ ನರ್ಸ್ ಹತ್ತಿರ ಕೇಳುವುದು. ಆ ಟ್ರಯಲ್ ನೋಂದಾಯಿತವಾಗಿದ್ದರೆ ಮುಖ್ಯ ಸಂಶೋಧಕರ ಜೊತೆ ಕೆಲಸ ಕಲಿಯುವ ಆರು ತಿಂಗಳ ಅಸೋಸಿಯೇಟ್ ಪಿಐ ಯೋಜನೆಗೆ ನರ್ಸ್‌ಗಳೂ ಸೇರಬಹುದು, ಡ್ಯೂಟಿ ಮಾಡುತ್ತಲೇ. ಕೆಲಸ ಹಂಚಿಕೆಯ ಪಟ್ಟಿಯಲ್ಲಿ ನಿನ್ನ ಹೆಸರು, ಸಹಿ ಬರುವ ತನಕ ಟ್ರಯಲ್‌ನ ಒಂದು ಫಾರಂ ಕೂಡ ತುಂಬಬೇಡ.

ಸ್ಟ್ರೋಕ್ ಸಂಶೋಧನೆಯಲ್ಲಿ ಕಷ್ಟದ ಕೆಲಸ ಒಪ್ಪಿಗೆ ಪಡೆಯುವುದು. ಮಾತು ಹೋದವರಿಗೆ ತಿಳಿವಳಿಕೆಯೂ ಹೋಗಿದೆ ಎಂದುಕೊಳ್ಳುವುದು ದೊಡ್ಡ ತಪ್ಪು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಪ್ರಕಾರ ನೋಡಬೇಕಾದ್ದು ನಾಲ್ಕು: ಅರ್ಥ ಮಾಡಿಕೊಳ್ಳುವುದು, ನೆನಪಿಟ್ಟುಕೊಳ್ಳುವುದು, ತೂಗಿ ನೋಡುವುದು, ಹೇಗಾದರೂ ತಿಳಿಸುವುದು. ಚಿತ್ರ ತೋರಿಸು, ಚಿಕ್ಕ ವಾಕ್ಯ ಹೇಳು, ಹೌದು-ಇಲ್ಲ ಕಾರ್ಡ್ ಕೊಡು. ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿ ‘ಹೌದು’ ನಿಜವಾಗಿ ಹೌದೇ ಎಂದು ಪರೀಕ್ಷಿಸು. ಆಗದಿದ್ದರೆ ರೋಗಿಯ ಇಷ್ಟವೇನಿರಬಹುದು ಎಂದು ಮನೆಯವರೊಬ್ಬರನ್ನು ಕೇಳಬೇಕು. ಅವರು ಸಲಹೆ ಕೊಡುವವರು, ರೋಗಿಯ ಪರ ಒಪ್ಪಿಗೆ ಕೊಡುವವರಲ್ಲ. ಔಷಧಿ ಟ್ರಯಲ್‌ಗಳಿಗೆ ನಿಯಮ ಬೇರೆ, ಅಲ್ಲಿ ಕಾನೂನುಬದ್ಧ ಪ್ರತಿನಿಧಿಯ ಒಪ್ಪಿಗೆಯೇ ಬೇಕು. ಸ್ಕಾಟ್‌ಲೆಂಡಿಗೆ 2000ದ ಬೇರೆ ಕಾಯ್ದೆ ಇದೆ.

ಓದಿನ ವಿಷಯ ಚಿಕ್ಕದು. ಸ್ಟಾರ್ಸ್ ಎಂಬ ಸ್ಕಾಟ್‌ಲೆಂಡಿನ ಉಚಿತ ಆನ್‌ಲೈನ್ ಪಾಠಗಳಿಂದ ಶುರು ಮಾಡು. ಎನ್‌ಎಂಸಿಗೆ ಮೂರು ವರ್ಷಕ್ಕೊಮ್ಮೆ ತೋರಿಸಬೇಕಾದ 35 ಗಂಟೆಯ ಕಲಿಕೆಗೂ ಲೆಕ್ಕ ಸಿಗುತ್ತದೆ. ಆದರೆ ಅದರಲ್ಲಿ 20 ಗಂಟೆ ಬೇರೆಯವರೊಂದಿಗೆ ಸೇರಿ ಕಲಿತದ್ದಾಗಿರಬೇಕು, ಒಬ್ಬಳೇ ಕೂತು ನೋಡಿದ ವೀಡಿಯೊ ಆ ಇಪ್ಪತ್ತಕ್ಕೆ ಬರುವುದಿಲ್ಲ. ಎರಡನೇ ವರ್ಷ ವಿಶ್ವವಿದ್ಯಾಲಯದ ಒಂದೇ ಸ್ಟ್ರೋಕ್ ಮಾಡ್ಯೂಲ್ ಮಾಡು. ಸ್ನಾತಕೋತ್ತರ ಮಟ್ಟದ್ದೇ ಆಗಿರಲಿ, ಆ ಕ್ರೆಡಿಟ್ ಮುಂದೆ ಎಂ.ಎಸ್ಸಿ.ಯ 180ರಲ್ಲಿ ಸೇರಿಸಿಕೊಳ್ಳುತ್ತಾರಾ ಎಂದು ಮೊದಲೇ ಲಿಖಿತವಾಗಿ ಕೇಳಿಕೋ. ಅದೇ ಪತ್ರದಲ್ಲಿ ನಿನ್ನ ವೀಸಾಗೆ ಸ್ಥಳೀಯ ಶುಲ್ಕವಾ ವಿದೇಶಿ ಶುಲ್ಕವಾ ಎಂದೂ ಕೇಳು. ಆಮೇಲೆ ವಾರ್ಡ್ ಮ್ಯಾನೇಜರ್ ಹತ್ತಿರ ಹೋಗಿ ಆಸ್ಪತ್ರೆ ಎಷ್ಟು ಕೊಡುತ್ತದೆ, ಓದಿಗೆ ಎಷ್ಟು ದಿನ ರಜೆ ಕೊಡುತ್ತದೆ ಎಂದು ಮಾತಾಡು. ಹಣ ಕೊಟ್ಟು ರಜೆ ಕೊಡದ ಕಡೆ ಆ ವರ್ಷ ಸೇರದಿರುವುದೇ ವಾಸಿ.