ಹಳೆಯ ಫ್ಲಾಪಿಯ ಫೈಲುಗಳಲ್ಲಿ ಸಾಲಿನ ಮೊದಲು ಚುಕ್ಕಿ ಯಾಕಿದೆ?

ಅಮೆರಿಕದಲ್ಲಿದ್ದ ನಿಮ್ಮ ಮಾವನವರ ಸಿಪಿ/ಎಂ (ಆಗಿನ ಒಂದು ಆಪರೇಟಿಂಗ್ ಸಿಸ್ಟಮ್) ಕಂಪ್ಯೂಟರಿನ ಫ್ಲಾಪಿಗಳಿಂದ ಫೈಲುಗಳನ್ನು ತೆಗೆದಿದ್ದೀರಿ. ಮಧ್ಯೆ ಮಧ್ಯೆ ‘.ಸಿಇ’, ‘.ಎಸ್‌ಪಿ 2’, ‘.ಆರ್‌ಎಮ್ 60’ ಅನ್ನೋ ಸಾಲುಗಳಿವೆ, ಫೈಲ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ. ಅವು ಟೆಕ್ಸ್ಟ್ ಫಾರ್ಮ್ಯಾಟರ್ ಅನ್ನೋ ಪ್ರೋಗ್ರಾಮಿಗೆ ಕೊಟ್ಟ ಆಜ್ಞೆಗಳು.

ಆಗ ಬರೆಯುವುದು ಒಂದು ಕೆಲಸ, ಪುಟ ಜೋಡಿಸುವುದು ಇನ್ನೊಂದು ಕೆಲಸ. ಯಾವುದೋ ಒಂದು ಎಡಿಟರಿನಲ್ಲಿ ಹೇಗೆಂದರೆ ಹಾಗೆ ಟೈಪ್ ಮಾಡಿಡುವುದು, ಆಮೇಲೆ ಫಾರ್ಮ್ಯಾಟರಿಗೆ ಆ ಫೈಲ್ ಕೊಡುವುದು. ಅದು ಅಂಚು, ಪುಟಸಂಖ್ಯೆ ಎಲ್ಲ ಹಾಕಿ ಪ್ರಿಂಟರಿಗೆ ಕಳಿಸುತ್ತಿತ್ತು. ಒಂದು ಸಣ್ಣ ಫೈಲ್ ಹೀಗಿರುತ್ತದೆ (ಆಜ್ಞೆಗಳು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ, ಅಷ್ಟೇ ವ್ಯತ್ಯಾಸ):

.ಸಿಇ
ಸದಸ್ಯರಿಗೆ ಸೂಚನೆ
.ಎಸ್‌ಪಿ 2
.ಟಿಐ 5
ಮುಂದಿನ ಸಭೆ ಭಾನುವಾರ
ಸಂಜೆ ಇದೆ. ಎಲ್ಲರೂ
ತಪ್ಪದೆ ಬನ್ನಿ.

ಮೊದಲನೆಯದು ಮುಂದಿನ ಸಾಲನ್ನು ನಡುವಿಗೆ ತರುತ್ತದೆ. ಎರಡನೆಯದು 2 ಖಾಲಿ ಸಾಲು ಬಿಡುತ್ತದೆ. ಮೂರನೆಯದು ಪ್ಯಾರಾದ ಮೊದಲ ಸಾಲನ್ನು 5 ಅಕ್ಷರ ಒಳಗೆ ತಳ್ಳುತ್ತದೆ. ಉಳಿದ ತುಂಡು ಸಾಲುಗಳನ್ನೆಲ್ಲ ಪ್ರೋಗ್ರಾಮೇ ಕೂಡಿಸಿ ಪೂರ್ತಿ ಅಗಲದ ಸಾಲು ಮಾಡಿಕೊಳ್ಳುತ್ತದೆ.

ಚುಕ್ಕಿಯ ಈ ರೂಢಿ ಪಿಸಿಗಳಿಗಿಂತ ಹಳೆಯದು. 1964ರಲ್ಲಿ ಎಂಐಟಿಯಲ್ಲಿ ಜೆರೋಮ್ ಸಾಲ್ಟ್ಜರ್ ಬರೆದ ರನ್ಆಫ್ ಇದರ ಮೂಲಪುರುಷ. ಅದೇ ಮುಂದೆ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಸಂಸ್ಥೆಗೆ ಹೋಗಿ, ಅಲ್ಲಿನ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನ ರಾಫ್ ಅನ್ನೋ ಫಾರ್ಮ್ಯಾಟರ್ ಆಯಿತು. ಆ ಸಂಸ್ಥೆಯ ಪೇಟೆಂಟ್ ವಿಭಾಗದ ಟೈಪಿಂಗ್ ಕೆಲಸಕ್ಕೆ ಬೇಕು ಅಂತ ಹೇಳಿಯೇ ಯುನಿಕ್ಸ್ ತಂಡದವರು ಪಿಡಿಪಿ-11 ಕಂಪ್ಯೂಟರ್ ಗಿಟ್ಟಿಸಿಕೊಂಡಿದ್ದು. ಹಾಗಾಗಿ ಯುನಿಕ್ಸ್ ಬೆಳೆದಿದ್ದರಲ್ಲಿ ಈ ಚುಕ್ಕಿಗಳ ಪಾಲೂ ಇದೆ, ಅಲ್ವಾ?

ಮನೆಯ ಕಂಪ್ಯೂಟರಿಗೆ ಇದು ಉಚಿತವಾಗಿ ಸಿಕ್ಕಿದ್ದು ಹೇಗೆ ಅಂತಲೂ ಕೇಳಿದ್ದೀರಿ. ಬರೆಯುವುದು, ಜೋಡಿಸುವುದು ಎರಡನ್ನೂ ಮಾಡುವ ವರ್ಡ್‌ಸ್ಟಾರ್ ಥರದ ಪ್ಯಾಕೇಜಿಗೆ ಆಗ ನೂರಾರು ಡಾಲರ್. ಆದರೆ ಸರಳವಾದ ಫಾರ್ಮ್ಯಾಟರನ್ನು ಯಾರು ಬೇಕಾದರೂ ಬರೆಯಬಹುದಿತ್ತು. 1976ರಲ್ಲಿ ಬ್ರಯಾನ್ ಕರ್ನಿಹನ್ ಮತ್ತು ಪಿ. ಜೆ. ಪ್ಲಾಗರ್ ಬರೆದ ‘ಸಾಫ್ಟ್‌ವೇರ್ ಟೂಲ್ಸ್’ ಪುಸ್ತಕದಲ್ಲಿ ಅಂಥ ಪೂರ್ತಿ ಪ್ರೋಗ್ರಾಮೇ ಅಚ್ಚಾಗಿತ್ತು. 1981ರಲ್ಲಿ ಪ್ಯಾಸ್ಕಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದರ ಆವೃತ್ತಿಯೂ ಬಂತು. ಹವ್ಯಾಸಿಗಳು ತಮಗೆ ಬೇಕಾದ ಹಾಗೆ ಫಾರ್ಮ್ಯಾಟರ್ ಬರೆದುಕೊಂಡು ಯೂಸರ್ ಗ್ರೂಪು ಅನ್ನೋ ಬಳಕೆದಾರರ ಕೂಟಗಳಲ್ಲಿ ಫ್ಲಾಪಿಯಿಂದ ಫ್ಲಾಪಿಗೆ ಹಂಚಿದರು. ನಿಮ್ಮ ಫೈಲಿನ ‘.ಆರ್‌ಎಮ್’ ನೋಡಿದರೆ ಅದೂ ಈ ಪುಸ್ತಕದ ಮನೆತನದ್ದೇ ಇರಬೇಕು. ಬಲ ಅಂಚಿಗೆ ಅಲ್ಲಿ ಬಳಸಿದ್ದು ಇದೇ ಹೆಸರು, ಏನೂ ಹೇಳದಿದ್ದರೆ 60ನೇ ಅಕ್ಷರಕ್ಕೆ ಅಂಚು.

ನಾನೂ ಇಂಥದ್ದೊಂದನ್ನು ಪ್ಯಾಸ್ಕಲ್‌ನಲ್ಲಿ ಬರೆದು ನೋಡಿದ್ದೇನೆ. ಇದರ ಸೊಗಸು ಇರುವುದೇ ಮೆಮೊರಿಯಲ್ಲಿ. 66 ಸಾಲು, ಸಾಲಿಗೆ 80 ಅಕ್ಷರ ಅಂದರೆ ಒಂದು ಪುಟಕ್ಕೆ 5,280 ಬೈಟ್. ಯಂತ್ರದಲ್ಲಿದ್ದ 64 ಕಿಲೋಬೈಟ್‌ನಲ್ಲಿ ಬೇರೇನೂ ಇಲ್ಲದಿದ್ದರೂ ಹನ್ನೆರಡು ಪುಟ ಹಿಡಿಸಿದರೆ ಜಾಸ್ತಿ. ಫಾರ್ಮ್ಯಾಟರಿಗೆ ಆ ತಲೆನೋವೇ ಇಲ್ಲ. ಒಂದು ಪದ ಓದುತ್ತದೆ. ಕೈಯಲ್ಲಿರುವ ಸಾಲಿಗೆ ಹಿಡಿಸಿದರೆ ಸೇರಿಸುತ್ತದೆ, ಹಿಡಿಸದಿದ್ದರೆ ಆ ಸಾಲನ್ನು ಹೊರಗೆ ಕಳಿಸಿ ಹೊಸದು ಶುರು ಮಾಡುತ್ತದೆ. ನೆನಪಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಒಂದು ಸಾಲು, ಕೆಲವು ಅಂಕಿ, ಪುಟದ ಮೇಲಿನ ಕೆಳಗಿನ ತಲೆಬರಹ. ಫ್ಲಾಪಿ ಹಿಡಿಯುವಷ್ಟು ಉದ್ದದ ಬರಹವನ್ನೂ ಹೀಗೆ ಮುಗಿಸಬಹುದು.

ಬಲ ಅಂಚು ಸಮ ಮಾಡುವ ಉಪಾಯ ನನಗೆ ತುಂಬ ಇಷ್ಟ. ಸಾಲು 57 ಅಕ್ಷರಕ್ಕೆ ನಿಂತಿತು ಅನ್ನಿ, ಇನ್ನೂ 3 ಖಾಲಿ ಜಾಗ ಪದಗಳ ನಡುವೆ ಹಂಚಬೇಕು. ಯಾವಾಗಲೂ ಎಡದಿಂದಲೇ ಹಂಚಿದರೆ ಪುಟದ ಎಡಭಾಗದಲ್ಲಿ ಬಿಳಿ ಕಾಲುವೆಗಳು ಕಾಣುತ್ತವೆ. ಅದಕ್ಕೆ ಒಂದು ಸಾಲಿನಲ್ಲಿ ಎಡದಿಂದ, ಮುಂದಿನದರಲ್ಲಿ ಬಲದಿಂದ ಹಂಚುತ್ತಾರೆ. ಅಷ್ಟೇ! ಕನ್ನಡಕ್ಕೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಎಲ್ಲ ಅಕ್ಷರವೂ ಒಂದೇ ಅಗಲ ಅನ್ನುವ ಮೇಲೆ ಇದೆಲ್ಲ ನಿಂತಿದೆ. ‘ರ’ ಮತ್ತು ‘ಣಾ’ ಒಂದೇ ಅಗಲವೇ? ಒತ್ತಕ್ಷರ ಬಂದರೆ ಕಂಪ್ಯೂಟರ್ ಎಣಿಸುವ ಕೋಡ್‌ಗಳ ಸಂಖ್ಯೆ ಹೆಚ್ಚುತ್ತದೆ, ಸಾಲಿನ ಅಗಲ ಮಾತ್ರ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ವರ್ಡ್‌ಸ್ಟಾರ್‌ನಲ್ಲೂ ಚುಕ್ಕಿ ಆಜ್ಞೆಗಳಿದ್ದವು, ಗೊಂದಲ ಬೇಡ. ‘.ಪಿಎ’ (ಹೊಸ ಪುಟ), ‘.ಒಪಿ’ (ಪುಟಸಂಖ್ಯೆ ಬೇಡ) ಕಂಡರೆ ಅದು ವರ್ಡ್‌ಸ್ಟಾರ್ ಫೈಲ್. ಇನ್ನೊಂದು ಗುರುತು: ಹಳೆಯ ವರ್ಡ್‌ಸ್ಟಾರ್ ಪದದ ಕೊನೆಯ ಅಕ್ಷರದ ಎಂಟನೇ ಬಿಟ್ ಅನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತಿತ್ತು. ಬೇರೆಡೆ ತೆರೆದರೆ ಪ್ರತಿ ಪದದ ಕೊನೆಗೂ ಚಿತ್ರವಿಚಿತ್ರ ಅಕ್ಷರ. ಹಳೆಯ ನುಡಿ ಫೈಲನ್ನು ಆ ಫಾಂಟ್ ಇಲ್ಲದೆ ತೆರೆದ ಹಾಗೆ. ನಿಮ್ಮವು ಸಲೀಸಾಗಿ ಓದಲು ಬರುತ್ತಿವೆ ಅಂದಿರಲ್ಲ, ಅದು ಫಾರ್ಮ್ಯಾಟರ್ ಪುಣ್ಯ.

ಪುಟ ಮಾಡಿ ನೋಡಬೇಕಾ? ಲಿನಕ್ಸ್‌ನಲ್ಲಿರುವ ಜಿ-ರಾಫ್ ಇದೇ ವಂಶದ್ದು. ‘.ಸಿಇ’, ‘.ಎಸ್‌ಪಿ’, ‘.ಟಿಐ’, ‘.ಬಿಆರ್’ (ಸಾಲು ಅಲ್ಲಿಗೇ ಮುಗಿಸು) ಅದಕ್ಕೆ ಹಾಗೇ ಅರ್ಥವಾಗುತ್ತವೆ. ಆದರೆ ‘.ಆರ್‌ಎಮ್’ ಹುಷಾರು. ಅಲ್ಲಿ ಅದು ಬಲ ಅಂಚಲ್ಲ, ಮ್ಯಾಕ್ರೋ (ಹೆಸರಿಟ್ಟ ಆಜ್ಞೆಗಳ ಗುಂಪು) ಅಳಿಸುವ ಆಜ್ಞೆ. ಅದನ್ನು ‘.ಎಲ್‌ಎಲ್’ ಅಂತ ಬದಲಿಸಿ, ಅಂಕಿ ಮುಗಿದ ಕೂಡಲೇ ‘ಎನ್’ ಸೇರಿಸಿ (60 ಇದ್ದರೆ ‘60ಎನ್’). ಅದಕ್ಕೂ ಮೊದಲು ಸಾಲಿನ ಕೊನೆಯ, ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಅಕ್ಷರಗಳನ್ನೂ ಫೈಲಿನ ತುದಿಯ ಕಂಟ್ರೋಲ್-ಝಡ್ ಅಕ್ಷರಗಳನ್ನೂ ತೆಗೆದುಹಾಕಿ. ಸಿಪಿ/ಎಂ ಫೈಲನ್ನು 128 ಬೈಟ್ ತುಂಡುಗಳಲ್ಲಿ ಲೆಕ್ಕ ಹಾಕುತ್ತಿತ್ತು, ಬರಹ ಎಲ್ಲಿ ಮುಗಿಯಿತು ಅಂತ ತೋರಿಸಲು ಆ ಝಡ್. ಜಿ-ರಾಫ್‌ಗೆ ಇವೆರಡೂ ಆಗಿಬರುವುದಿಲ್ಲ, ಸುಮ್ನೆ ಎಚ್ಚರಿಕೆ ಕೊಡುತ್ತಾ ಹೋಗುತ್ತದೆ.